ಡೆಲ್ಮರನ ಬೇಲಿ ದಾಟಿದ ಜಿಂಕೆ

ಆರ್ವಿಡ್ ಟ್ವೈಟ್‌ನಂಥ ಹಟಮಾರಿ ವಿಸ್ಕಾನ್ಸಿನ್ನಿನ ಆ ಗುಡ್ಡಗಳಲ್ಲಿ ಇನ್ನೊಬ್ಬನಿರಲಿಲ್ಲ. ಹಾಲಿನ ಲಾರಿ ಓಡಿಸಿ ನಿವೃತ್ತನಾದವನು, ಊರಿನ ಅರ್ಧ ಜನಕ್ಕೆ ಬಿಲ್ಲು ಹಿಡಿಯಲು ಕಲಿಸಿದವನು. ಬಿಲ್ಲಿನವರಿಗೆಂದೇ ಮೀಸಲಾದ ಜಿಂಕೆ ಬೇಟೆಯ ಕಾಲದಲ್ಲಿ ಅಡ್ಡಬಿಲ್ಲಿಗೂ ಅವಕಾಶ ಕೊಡಬೇಕೆಂಬ ಮಾತು ಎದ್ದಾಗ ಅವನ ಮೈಯೆಲ್ಲ ಉರಿದುಹೋಯಿತು. ಅಡ್ಡಬಿಲ್ಲಿನಲ್ಲೇನಿದೆ? ಹೆದೆಯನ್ನು ಮೊದಲೇ ಎಳೆದು ಸಿಕ್ಕಿಸಿಟ್ಟು ಹಾಯಾಗಿ ಕೂರುವುದು, ಜಿಂಕೆ ಬಂದಾಗ ಬಂದೂಕಿನ ಹಾಗೆ ಟ್ರಿಗರ್ ಒತ್ತುವುದು. ಅದೂ ಒಂದು ಬೇಟೆಯೇ?

ಬೇಟೆಗಾರರ ಅಭಿಪ್ರಾಯ ಕೇಳಲು ಕರೆದ ಸಭೆಯಲ್ಲಿ ಅದರ ಪರ ಕೈ ಎತ್ತಿದವರಲ್ಲಿ ಡೆಲ್ಮರ್ ಹೌಗನ್ ಕೂಡ ಇದ್ದ. ಹುಡುಗರಾಗಿದ್ದಾಗಿನಿಂದ ಇಬ್ಬರೂ ಒಂದೇ ಕಾಡಿನಲ್ಲಿ ಬೇಟೆಯಾಡಿದವರು. ಆದರೆ ಆಪರೇಷನ್ ಆದಮೇಲೆ ಡೆಲ್ಮರನ ಬಲ ಭುಜ ಬಿಲ್ಲು ಎಳೆಯಲು ಬಾರದಂತಾಗಿತ್ತು.

"ಕೈಲಾಗದೇ ಇದ್ರೆ ಮನೇಲಿ ಕೂತು ಸ್ವೆಟರ್ ಹೆಣಿ ಕಣೋ! ಬೇಟೆಗಾರ ಅಂತ ಮಾತ್ರ ಹೇಳ್ಕೋಬೇಡ!" ಎಂದು ಆರ್ವಿಡ್ ತುಂಬಿದ ಸಭೆಯಲ್ಲಿ ಕೂಗಿದ. ಜನ ಗೊಳ್ಳೆಂದರು. ಡೆಲ್ಮರ್ ಟೋಪಿ ಹಾಕಿಕೊಂಡು ಎದ್ದು ಹೋದ. ಅಡ್ಡಬಿಲ್ಲಿಗೆ ಅನುಮತಿ ಸಿಕ್ಕಿತು, ಇವರಿಬ್ಬರ ಮಾತು ನಿಂತಿತು.

ಇನ್ನು ಈ ಆರ್ವಿಡ್ ಮಹಾರಾಯನ ಕಥೆ ಕೇಳಿ. ಇವನದೇ ಭುಜ ಸವೆದುಹೋಗಿತ್ತು. ಯಾರಿಗೂ ಹೇಳಲಿಲ್ಲ. ಬಿಲ್ಲಿನ ತಿರುಪು ಸಡಿಲಿಸಿ ಹೆದೆಯ ಬಿಗಿ ಇಳಿಸಿಕೊಂಡ. ಮರುವರ್ಷ ಇನ್ನಷ್ಟು ಇಳಿಸಿದ, ಬಾಣದ ಬಲವೂ ಇಳಿಯಿತು. ಜಂಬ ಮಾತ್ರ ಒಂದಿಷ್ಟೂ ಇಳಿಯಲಿಲ್ಲ.

ಅಕ್ಟೋಬರಿನ ಒಂದು ಬೆಳಗ್ಗೆ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಅವನು ಮರದ ಮೇಲೆ ಕಾದು ಕೂತಿದ್ದ ಅಟ್ಟಣಿಗೆಯ ಕೆಳಗೇ ಬಂದು ನಿಂತಿತು. ಹಲ್ಲು ಕಚ್ಚಿ ಎಳೆದು ಬಿಟ್ಟ. ಎದೆಗೂಡನ್ನು ತೂರಿ ಹೋಗಬೇಕಾಗಿದ್ದ ಬಾಣ ಭುಜದ ಮೂಳೆಗೆ ಬಡಿದು ಅಲ್ಲೇ ನಿಂತಿತು. ಜಿಂಕೆ ಮೂರು ಕಾಲಿನಲ್ಲಿ ಕುಂಟುತ್ತ ಓಡಿತು.

ಇಡೀ ದಿನ ಅವನು ರಕ್ತದ ಹಿಂದೆ ನಡೆದ. ಕಲೆ ಸಿಕ್ಕಲ್ಲೆಲ್ಲ ಗುರುತಿಗೆ ಪೊದೆಯ ಮೇಲೆ ಟಾಯ್ಲೆಟ್ ಕಾಗದದ ತುಂಡು ಸಿಕ್ಕಿಸುತ್ತ ಹೋದ. ಹೊತ್ತು ಇಳಿಯುವಾಗ ರಕ್ತ ಒಂದು ಬೇಲಿಯನ್ನು ದಾಟಿತ್ತು. ಆಚೆ ಡೆಲ್ಮರನ ಜಾಗ. ಕೇಳದೆ ಕಾಲಿಡುವಂತಿಲ್ಲ. ಹಿಂದಿರುಗಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಜೀವ? ರಾತ್ರಿಯಾದರೆ ತೋಳಗಳು ಅದನ್ನು ಜೀವಂತವಾಗಿಯೇ ಹರಿಯುತ್ತವೆ. ಆರ್ವಿಡ್ ರಸ್ತೆ ಬಳಸಿ ಹೋಗಿ ಡೆಲ್ಮರನ ಮನೆಯ ಬಾಗಿಲು ತಟ್ಟಿದ.

"ಏನು?" ಎಂದ ಡೆಲ್ಮರ್.

"ಗಾಯ ಆಗಿರೋ ಜಿಂಕೆ ನಿನ್ನ ಜಾಗಕ್ಕೆ ನುಗ್ಗಿದೆ. ಹುಡುಕೋಕೆ ಬಿಡ್ತೀಯಾ?"

"ಎಲ್ಲಿಗೆ ತಾಗಿದೆ?"

"ಭುಜಕ್ಕೆ."

"ಭುಜಕ್ಕಾ? ನೀನು ಹೊಡೆದದ್ದಾ?" ಡೆಲ್ಮರ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸ್ವೆಟರ್ ಹೆಣೀತಾ ಇದ್ದೆ. ಇರು, ಬೂಟು ಹಾಕ್ಕೊಂಡು ಬರ್ತೀನಿ."

ಬರುವಾಗ ಅವನ ಕೈಯಲ್ಲಿ ಅಡ್ಡಬಿಲ್ಲಿತ್ತು. ಆರ್ವಿಡ್ ಕಂಡೂ ಕಾಣದವನಂತೆ ಮುಂದೆ ನಡೆದ.

ಜೌಗಿನ ಅಂಚಿನ ಹುಲ್ಲಿನಲ್ಲಿ ಜಿಂಕೆ ಕೂತಿತ್ತು. ತಲೆ ಎತ್ತಿತು, ಇನ್ನೂ ಜೀವವಿತ್ತು. ಹೊತ್ತು ಮುಳುಗುತ್ತಿತ್ತು, ಬಾಣ ಬಿಡಲು ಕಾನೂನು ಕೊಟ್ಟ ಸಮಯ ಮುಗಿಯುತ್ತಾ ಬಂದಿತ್ತು. ಆರ್ವಿಡ್ ಬಾಣ ಹೂಡಿ ಎಳೆದ. ಅರ್ಧಕ್ಕೆ ಭುಜದಲ್ಲಿ ಬೆಂಕಿ ಹೊತ್ತಿ ಕೈ ಕುಸಿಯಿತು. ಮತ್ತೆ ಎಳೆದ. ಮತ್ತೆ ಕುಸಿಯಿತು. ಜಿಂಕೆ ತಡವರಿಸುತ್ತ ಮೂರು ಕಾಲಿನ ಮೇಲೆ ಎದ್ದು ಜೌಗಿನ ಕಡೆ ತಿರುಗಿತು. ಅಲ್ಲಿ ಹೊಕ್ಕರೆ ಮತ್ತೆ ಸಿಗದು.

ಡೆಲ್ಮರ್ ಅಡ್ಡಬಿಲ್ಲಿನ ಹಿಡಿ ತಿರುಗಿಸಿ ಹೆದೆ ಏರಿಸಿ ಬಾಣ ಇಟ್ಟಿದ್ದ, ಆದರೆ ಗುರಿ ಹಿಡಿಯಲಿಲ್ಲ. ಇನ್ನೊಬ್ಬನ ಜಿಂಕೆಗೆ ಅವನು ಬಾಯಿಬಿಟ್ಟು ಕೇಳದೆ ಯಾರೂ ಹೊಡೆಯುವುದಿಲ್ಲ, ಅದು ಆ ಕಡೆಯವರ ರೀತಿ. ಕೊಂದವನಿಗೇ ಜಿಂಕೆ, ಕೊಂಬಿಗೆ ಕಟ್ಟುವ ಸರ್ಕಾರದ ಪರವಾನಗಿ ಚೀಟಿಯೂ ಅವನ ಹೆಸರಿನದೇ. ಅಡ್ಡಬಿಲ್ಲನ್ನು ಇಸಿದುಕೊಂಡು ತಾನೇ ಹೊಡೆಯೋಣವೆಂದರೆ ಅದರ ಲೈಸೆನ್ಸನ್ನು ಆರ್ವಿಡ್ ಸೊಕ್ಕಿನಿಂದಲೇ ತೆಗೆದುಕೊಂಡಿರಲಿಲ್ಲ.

"ಡೆಲ್..." ಎಂದ ಆರ್ವಿಡ್. ಜಿಂಕೆ ಒಂದು ಹೆಜ್ಜೆ ಇಟ್ಟಿತು.

"ಏನು?"

"ಹೊಡಿ ಮಾರಾಯ, ದಮ್ಮಯ್ಯ! ನನ್ನ ಕೈಲಿ ಆಗ್ತಿಲ್ಲ!"

ಅಡ್ಡಬಿಲ್ಲು ಟಪ್ಪೆಂದಿತು. ಜಿಂಕೆ ನೆಗೆದು, ಮಗುಚಿ ಬಿದ್ದು, ಸುಮ್ಮನಾಯಿತು.

ಡೆಲ್ಮರ್ ಬೆಳಗಿನ ಬಾಣವನ್ನು ಕಿತ್ತು ನೋಡಿದ. ಬರೀ ಮೊನೆಯಷ್ಟೇ ಒಳಗೆ ಹೋಗಿತ್ತು. ಆರ್ವಿಡ್‌ನ ಬಿಲ್ಲನ್ನು ತೆಗೆದುಕೊಂಡು ಹೆದೆಯನ್ನು ಎರಡು ಬೆರಳಲ್ಲಿ ಎಳೆದು ಬಿಟ್ಟ. ಸಿಟ್ಟಿಗೆ ಡೆಲ್ಮರನ ಮುಖ ಕೆಂಪಾಯಿತು.

"ಇಷ್ಟು ಸಡಿಲ ಮಾಡ್ಕೊಂಡು ಕಾಡಿಗೆ ಬಂದ್ಯೇನೋ? ನಾಚಿಕೆ ಆಗ್ಲಿಲ್ವಾ ನಿಂಗೆ?"

"ಬೆಳಗ್ಗೆಯಿಂದ ಇದು ನರಳಿದೆ ಡೆಲ್," ಆರ್ವಿಡ್ ಜಿಂಕೆಯ ಪಕ್ಕ ಕುಕ್ಕರಿಸಿದ. ಕಣ್ಣಿಂದ ನೀರು ಇಳಿಯುತ್ತಿತ್ತು. "ನಿನ್ನ ಮುಂದೆ ಸಣ್ಣವನಾಗಬಾರದು ಅಂತ, ಇದಕ್ಕೆ ಹೀಗೆ ಮಾಡ್ದೆ."

ಡೆಲ್ಮರ್ ತನ್ನ ಚೀಟಿಯನ್ನು ಕೊಂಬಿಗೆ ಕಟ್ಟಿದ. ಆಮೇಲೆ ಎಡಗೈಯಲ್ಲಿ ಒಂದು ಕೊಂಬು ಹಿಡಿದು, "ಬಾ, ಆ ಕಡೆ ಹಿಡ್ಕೋ. ನಿಂಗೂ ಒಂದೇ ಕೈ ತಾನೇ ಉಳಿದಿರೋದು," ಎಂದ.