ಇಪ್ಪತ್ತೈದು ಪೆಟ್ಟಿನ ಜುಂಜಣ್ಣ

ಆ ದಿನ ಬೆಳಿಗ್ಗೆಯೂ ನಾನು ಡಿಕಾಕ್ಷನ್ನಿಗೆ ಬಿಸಿನೀರು ಸುರಿಯುವ ಹೊತ್ತಿಗೆ ಸರಿಯಾಗಿ ಹಿತ್ತಲಾಚೆ ಡಬ್ಬದ ಸದ್ದು ಶುರುವಾಯಿತು. ಟಪ್. ಸ್ವಲ್ಪ ತಡೆದು ಇನ್ನೊಮ್ಮೆ ಟಪ್. ಕಲ್ಲುಚಪ್ಪಡಿಯ ಮೇಲೆ ತಗಡಿನ ಡಬ್ಬವನ್ನು ಎತ್ತಿ ಕುಕ್ಕುವ ಸದ್ದು. ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಇಪ್ಪತ್ತೈದು. ಅಷ್ಟರಲ್ಲಿ ನನ್ನ ಹಾಲು ಉಕ್ಕುವ ಹಂತಕ್ಕೆ ಬರುತ್ತಿತ್ತು, ತೊಟ್ಟಿಲಲ್ಲಿದ್ದ ಎಂಟು ತಿಂಗಳ ಮಗಳು ಒಮ್ಮೆ ಮುಲುಗಿ ಮಗ್ಗುಲು ಬದಲಿಸುತ್ತಿದ್ದಳು. ಅವಳು ಆ ಸದ್ದಿಗೆ ಎಂದೂ ಬೆಚ್ಚಿದವಳಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ್ದಳಲ್ಲ!

ಡಬ್ಬ ಕುಕ್ಕುತ್ತಿದ್ದವರು ಜುಂಜಣ್ಣ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮವರು ಆಗ ಹೊಳಲ್ಕೆರೆಯಲ್ಲಿ ಒಂದು ಅದಿರಿನ ಕಂಪನಿಯ ಅಂಗಳಕ್ಕೆ ಮ್ಯಾನೇಜರಾಗಿದ್ದರು. ಹೊಸದುರ್ಗದ ಕಡೆಯ ಗುಡ್ಡಗಳಿಂದ ಬರುತ್ತಿದ್ದ ಕಬ್ಬಿಣದ ಪುಡಿ ಅದಿರನ್ನು ಆ ಅಂಗಳದಲ್ಲಿ ರಾಶಿ ಹಾಕಿ, ಮಂಗಳೂರಿನ ಬಂದರಿಗೆ ಹಡಗು ಬಂದಾಗ ಲಾರಿಗಳಲ್ಲಿ ತುಂಬಿ ಘಟ್ಟ ಇಳಿಸುತ್ತಿದ್ದರು. ನಮ್ಮ ಮನೆ ಅಂಗಳದ ಬೇಲಿಗೆ ಅಂಟಿಕೊಂಡೇ ಇತ್ತು. ಒಂದೊಂದು ಲಾರಿಯ ಜೊತೆಗೂ ‘ತೇವದ ಚೀಟಿ’ ಎಂಬ ಒಂದು ಕಾಗದ ಹೋಗಬೇಕು. ಅದಿರು ಹಡಗಿಗೆ ತುಂಬುವಷ್ಟು ಒಣಗಿದೆ ಎಂದು ಆ ಚೀಟಿಯ ಮೇಲೆ ರಬ್ಬರ್ ಮೊಹರು ಒತ್ತುವ ಕೆಲಸ ಜುಂಜಣ್ಣನವರದು. ಮೊಹರನ್ನು ಸೊಂಟಕ್ಕೆ ದಾರ ಕಟ್ಟಿ ನೇತು ಹಾಕಿಕೊಂಡಿದ್ದರು.

ಮೊದಲ ಸಲ ನೋಡಿದವರಿಗೆ ಕಣ್ಣಿಗೆ ಬೀಳುತ್ತಿದ್ದುದು ಅವರ ನಡಿಗೆ. ಕಾಲು ಅಗಲಿಸಿ, ನೆಲ ಈಗಲೋ ಆಗಲೋ ಓರೆಯಾದೀತು ಎಂಬಂತೆ ನಡೆಯುತ್ತಿದ್ದರು. ತಲೆಗೆ ಕೆಂಪು ಚೌಕದ ವಸ್ತ್ರ, ಹೆಗಲ ಮೇಲೆ ಕಂಬಳಿ. ಹುಟ್ಟಿದ್ದು ಜವನಗೊಂಡನಹಳ್ಳಿಯ ಬಳಿ, ಕುರಿ ಕಾಯುವವರ ಮನೆಯಲ್ಲಿ. ಇಪ್ಪತ್ತರ ವಯಸ್ಸಿನಲ್ಲಿ ಒಬ್ಬ ವ್ಯಾಪಾರಿ ಕುರಿಮಂದೆ ಕೊಂಡು ಮುಂಬಯಿಯಿಂದ ಅರಬರ ದೇಶಕ್ಕೆ ಹಡಗಿನಲ್ಲಿ ಕಳಿಸುವಾಗ, ದಾರಿಯಲ್ಲಿ ಕುರಿಗಳನ್ನು ನೋಡಿಕೊಳ್ಳಲು ಇವರನ್ನೂ ಹತ್ತಿಸಿದನಂತೆ. ಕುರಿಗಳು ಆ ದಡ ಸೇರಿದವು, ಕುರಿ ಕಾಯಲು ಹೋದ ಇವರು ಹಡಗಿನಲ್ಲೇ ಹಗ್ಗ ಎಳೆಯುವ ಖಲಾಸಿಯಾಗಿ ಉಳಿದುಬಿಟ್ಟರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ.

“ಕುರಿಗಳಿಗೆ ವಾಂತಿ ಆಗ್ಲಿಲ್ವಾ ಜುಂಜಣ್ಣ?” ಎಂದು ನಾನು ಕೇಳಿದ್ದೆ.

“ಕುರಿಗೇನೂ ಆಗ್ಲಿಲ್ಲ ತಾಯಿ. ಅವು ನನ್ನ ಮುಖ ನೋಡ್ಕಂಡು ನಿಂತಿದ್ವು. ವಾಂತಿ ಎಲ್ಲಾ ನಂದೇ!”

ಊರಿನವರಿಗೆ ಅವರನ್ನು ಕೆಣಕುವುದೆಂದರೆ ಖುಷಿ. ಅಂಗಡಿ ಮುಂದೆ ಕುಳಿತವರು ಕರೆದು ಕೇಳುತ್ತಿದ್ದರು: “ಏನಪ್ಪ ಜುಂಜಣ್ಣ, ನಿಮ್ಮೂರ ಕೆರೇಲಿ ಎಮ್ಮೆ ಮುಳುಗೋವಷ್ಟೂ ನೀರಿಲ್ಲ, ನೀನು ಹಡಗು ಎಲ್ಲಿ ಓಡಿಸ್ದೆ?” ಅವರು ನಿಂತು, ಬೀಡಿ ಹಚ್ಚಿಕೊಂಡು, ನಿಧಾನಕ್ಕೆ ಉತ್ತರ ಕೊಡುವರು: “ನಿಮ್ಮಾವ ಕೊಟ್ಟ ಸೈಕಲ್ಲು ನೀನು ಓಡ್ಸಿದ್ದಕ್ಕಿಂತ ಜಾಸ್ತೀನೇ ಓಡಿಸೀನಿ ಕಣಪ್ಪ. ಅದು ಇನ್ನೂ ಗೋಡೆಗೇ ಒರಗೈತಲ್ಲ?”

ಅವರ ಕೋಣೆ ಅಂಗಳದ ಮೂಲೆಯಲ್ಲಿತ್ತು. ತೊಲೆಯಿಂದ ಒಂದು ದಾರ ಇಳಿಬಿಟ್ಟು ಅದರ ತುದಿಗೆ ಕಬ್ಬಿಣದ ನಟ್ಟು ಕಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅದು ನೆಟ್ಟಗಿದೆಯೇ ಎಂದು ನೋಡುವುದು. ಹೊಳಲ್ಕೆರೆ ಓರೆಯಾಗುವುದಿಲ್ಲ ಎಂದು ಗೊತ್ತಿದ್ದೂ ನೋಡುವುದು. ನೋಡಿದ ಮೇಲೇ ಮುಖ ತೊಳೆಯುತ್ತಿದ್ದುದು.

ನನ್ನ ಮಗಳ ತೊಟ್ಟಿಲು ಕಟ್ಟಿಕೊಟ್ಟವರೂ ಅವರೇ. ಹಗ್ಗಕ್ಕೆ ಅದೆಂಥದೋ ಹಡಗಿನ ಗಂಟು ಹಾಕಿ, ತೊಟ್ಟಿಲಿನಲ್ಲಿ ಒಂದು ಚೀಲ ಅದಿರು ಇಟ್ಟು ಅರ್ಧ ಗಂಟೆ ತೂಗಿ ನೋಡಿ, ಆಮೇಲೆ “ಇನ್ನು ಕೂಸು ಮಲಗಿಸ್ರಿ” ಎಂದರು. ನಮ್ಮತ್ತೆಗೆ ಅದಿರಿನ ಚೀಲ ತೊಟ್ಟಿಲಿಗೆ ಹಾಕಿದ್ದು ಸರಿಬೀಳಲಿಲ್ಲ. ತೊಟ್ಟಿಲು ಬಿಚ್ಚಿ ತೊಳೆಯಬೇಕೆಂದು ಮಧ್ಯಾಹ್ನವೆಲ್ಲ ಆ ಗಂಟಿನೊಡನೆ ಹೋರಾಡಿದರು. ಉಗುರು ಮುರಿಯಿತೇ ಹೊರತು ಗಂಟು ಬಿಡಲಿಲ್ಲ. ಕೊನೆಗೆ ಅವರನ್ನೇ ಕರೆಸಬೇಕಾಯಿತು. ಜುಂಜಣ್ಣ ಬಂದು ಹಗ್ಗದ ಒಂದು ತುದಿಯನ್ನು ಎಳೆದರು. ಇಡೀ ಗಂಟು ಜಡೆ ಬಿಚ್ಚಿದಂತೆ ಬಿಚ್ಚಿಕೊಂಡಿತು. ಅತ್ತೆ ಅಂದಿನಿಂದ ಅವರಿಗೆ ಎರಡನೆಯ ಲೋಟ ಕಾಫಿ ಕೊಡಲು ಶುರುಮಾಡಿದರು.

ಕಾಫಿಗೆ ಬಂದಾಗ ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಾಚೆ ಕೂರುತ್ತಿದ್ದರು. ಹೊಗೆ ಒಳಗೆ ಬರುತ್ತದೆಂದೋ ಗಾಳಿಗೆ ಒಲೆ ಆರುತ್ತದೆಂದೋ ನಾನು ಬಾಗಿಲು ಮುಂದಕ್ಕೆ ಮಾಡಿದರೆ ಸಾಕು, ಹೊರಗಿನಿಂದ ತಳ್ಳುವರು. “ಅಡಿಗೆ ಮನೆ ಬಾಗ್ಲು ಯಾವಾಗ್ಲೂ ತೆಗ್ದಿರ್ಲಿ ತಾಯಿ.” ಏಕೆಂದು ಕೇಳಿದರೆ ಮಾತು ಬೇರೆ ಕಡೆ ತಿರುಗಿಸುವರು. ವಯಸ್ಸಾದವರ ಒಂದು ಹಟ ಎಂದುಕೊಂಡಿದ್ದೆ.

ಡಬ್ಬದ ವಿದ್ಯೆಯನ್ನು ಮಾತ್ರ ಎಷ್ಟು ಸಲ ಬೇಕಾದರೂ ಹೇಳುತ್ತಿದ್ದರು. ಹಳೆಯದು ತೂತಾದ ಮೇಲೆ ಬಂದ ಈ ಡಬ್ಬ ನನ್ನದೇ, ಮಗಳ ಹಾಲಿನ ಪುಡಿ ಮುಗಿದ ಮೇಲೆ ಕೇಳಿ ಪಡೆದದ್ದು. ಅದಿರಿನ ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ, ಒಳಗಿನ ಅದಿರನ್ನು ಹಿಡಿ ಹಿಡಿಯಾಗಿ ತೆಗೆದು, ಡಬ್ಬದ ಅರ್ಧಕ್ಕೆ ತುಂಬಬೇಕು. ಇಪ್ಪತ್ತೈದು ಸಲ ಕಲ್ಲಿನ ಮೇಲೆ ಕುಕ್ಕಬೇಕು. ಒಣ ಅದಿರಾದರೆ ಹಾಗೇ ಇರುತ್ತದೆ. ಒಳಗೆ ತೇವವಿದ್ದರೆ ಮೇಲೆ ನೀರು ಪಸೆಯಾಡಿ ಕನ್ನಡಿಯಂತೆ ಹೊಳೆಯುತ್ತದೆ.

“ನಾನಿಲ್ಲಿ ಕುಕ್ಕೋ ಕೆಲ್ಸಾನ ಅಲ್ಲಿ ಇಂಜಿನ್ನು ಮಾಡ್ತೈತೆ, ಅಲೆ ಮಾಡ್ತೈತೆ. ಹಗಲೂ ರಾತ್ರಿ ಕುಕ್ತಾವೆ. ಹಡಗಿನ ಹೊಟ್ಟ್ಯಾಗೆ ಕಲ್ಲಿನಂಗೆ ಕುಂತಿದ್ದ ಅದಿರು ನಿಮ್ಮ ದೋಸೆ ಹಿಟ್ಟಿನಂಗೆ ಆಗ್ತೈತೆ. ಹಡಗು ಎಡಕ್ಕೆ ವಾಲಿದ್ರೆ ಅದೂ ಎಡಕ್ಕೆ ಹರೀತೈತೆ. ವಾಪಸ್ ಬರಾಕಿಲ್ಲ.”

ನಾನು ಚಿತ್ರದುರ್ಗದ ಕಾನ್ವೆಂಟಿನಲ್ಲಿ ಓದಿದವಳು. ಸಮುದ್ರವನ್ನು ಭೂಗೋಳದ ನಕ್ಷೆಯಲ್ಲಿ ನೀಲಿ ಪೆನ್ಸಿಲಿನಿಂದ ತೀಡಿದ್ದೆನೇ ಹೊರತು ಕಂಡಿರಲಿಲ್ಲ. ಆದರೆ ದೋಸೆ ಹಿಟ್ಟು ಗೊತ್ತಿತ್ತು. ಅದೆಲ್ಲ ನನಗೆ ಚೆನ್ನಾಗಿ ಅರ್ಥವಾಯಿತು.

ಆ ಬೆಳಗಿಗೆ ಬರುತ್ತೇನೆ. ಹಿಂದಿನ ಎರಡು ದಿನ ಚಿತ್ತೆ ಮಳೆ ಬಿಡದೆ ಸುರಿದಿತ್ತು. ಆ ದಿನ ಮೋಡ ಹರಿದು ಎಳೆಬಿಸಿಲು ಬಂದಿತ್ತು. ಅಂಗಳದ ಹೊರಗೆ ಹನ್ನೆರಡು ಲಾರಿ ಸಾಲಾಗಿ ನಿಂತಿದ್ದವು. ಮಂಗಳೂರಿನಲ್ಲಿ ಹಡಗು ಬಂದು ನಿಂತಿದೆ, ಇವತ್ತೇ ಮಾಲು ಹೊರಡಬೇಕು ಎಂದು ದಾವಣಗೆರೆಯಿಂದ ಮಾಲೀಕರ ತಂತಿ ಬಂದಿತ್ತು. ನಮ್ಮವರು ಆ ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಇಪ್ಪತ್ತೈದು ಪೆಟ್ಟು ಮುಗಿದವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಇಪ್ಪತ್ತೈದು. ಆಮೇಲೆ ಮೂರನೆಯ ಸಲ. ನಾನು ಸೌಟು ಹಿಡಿದುಕೊಂಡೇ ಹಿತ್ತಲಿಗೆ ಬಂದೆ. ಜುಂಜಣ್ಣ ಮೂರು ಕಡೆಯ ರಾಶಿಯಿಂದ ಅದಿರು ತೆಗೆದು ನೋಡಿದ್ದರು. ಡಬ್ಬವನ್ನು ನಮ್ಮವರ ಕಡೆಗೆ ಹಿಡಿದಿದ್ದರು. ಅದಿರಿನ ಮೇಲೆ ಆಕಾಶ ಹೊಳೆಯುತ್ತಿತ್ತು.

“ಮೇಲೆಲ್ಲಾ ಒಣಗಿದೆಯಲ್ಲ ಜುಂಜಣ್ಣ,” ಎಂದರು ನಮ್ಮವರು.

“ಮ್ಯಾಲೆ ಒಣಗೈತೆ ಸಾಮಿ. ಹಡಗಿಗೆ ಹೋಗೋದು ಮ್ಯಾಲಿಂದು ಮಾತ್ರ ಅಲ್ವಲ್ಲ.”

“ಹಡಗು ನಮಗೋಸ್ಕರ ಕಾಯೋದಿಲ್ಲ.”

“ಕಾಯ್ತೈತೆ ಸಾಮಿ. ನೀರಿನ ಮ್ಯಾಲೆ ಇರೋಗಂಟ ಕಾಯ್ತೈತೆ. ತಳಕ್ಕೆ ಹೋದ ಮ್ಯಾಲೆ ಕಾಯಾಕಿಲ್ಲ.”

ಒಬ್ಬ ಡ್ರೈವರ್ ಹಲ್ಲುಜ್ಜುತ್ತಲೇ ನಕ್ಕ. “ಏನಜ್ಜ, ಎರಡು ಮಳೆಗೆ ಇಷ್ಟು ರಂಪ? ಹಡಗು ಇರೋದೇ ನೀರಾಗಲ್ವಾ?”

“ಲೇ, ನೀನೂ ದಿನಾ ನೀರು ಕುಡೀತೀಯ. ಹಂಗಂತ ಬಾವಿಗೆ ಬೀಳ್ತೀಯೇನಲೇ?”

ನಮ್ಮವರು ನಗಲಿಲ್ಲ. ಧ್ವನಿ ಏರಿಸುವ ಸ್ವಭಾವ ಅವರದಲ್ಲ, ಆದರೆ ಕಿವಿ ಕೆಂಪಾಗಿತ್ತು. “ಮೊಹರು ಒತ್ತೋದಿಲ್ಲ ಅಂದ್ರೆ ನಾಳೆಯಿಂದ ನಿಮಗೂ ಕೆಲಸ ಇರೋಲ್ಲ, ನನಗೂ ಇರೋಲ್ಲ,” ಎಂದರು. ಜುಂಜಣ್ಣ ಸೊಂಟದ ದಾರ ಬಿಚ್ಚಿ ಮೊಹರನ್ನು ಅವರ ಅಂಗೈಯಲ್ಲಿಟ್ಟರು. “ನೀವೇ ಒತ್ರಿ ಸಾಮಿ. ನಂಗೆ ಕೋಪ ಇಲ್ಲ. ನನ್ನ ಕೈ ಏಳ್ತಿಲ್ಲ, ಅಷ್ಟೇ.” ಹಾಗೆಂದು ಸೀದಾ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಕುಳಿತರು.

“ತಾಯಿ, ಒಂದು ಕಾಗ್ದ ಬರ್ಕೊಡ್ತೀರಾ? ಇಂಗ್ಲೀಷ್‌ನಾಗೆ. ಹಡಗಿನ ಕಪ್ತಾನ್ರಿಗೆ.”

ನಾನು ಕೈ ಒರೆಸಿಕೊಂಡು ಕಾಗದ ಪೆನ್ನು ತಂದೆ. ಅವರು ಬಾಗಿಲ ಚೌಕಟ್ಟನ್ನು ಸವರುತ್ತ, ಬೇರೆಯೇ ಒಂದು ಮಾತು ಹೇಳಿದರು. ಅವರ ಕೊನೆಯ ಹಡಗಿನಲ್ಲಿ ಇಸ್ಮಾಯಿಲ್ ಎಂಬ ಭಂಡಾರಿ ಇದ್ದನಂತೆ. ಭಂಡಾರಿ ಎಂದರೆ ಹಡಗಿನ ಅಡುಗೆಯವನು. ಅದಿರು ತುಂಬುವ ದಿನ ಜುಂಜಣ್ಣ ಕೈಯಲ್ಲಿ ಹಿಡಿದು ನೋಡಿದ್ದರು, ಒದ್ದೆಯಿತ್ತು. ಮೇಲಧಿಕಾರಿಗೆ ಹೇಳಿದರು. ನಿನ್ನ ಕೆಲಸ ನೋಡಿಕೋ ಎಂದನಂತೆ. ನೋಡಿಕೊಂಡರು. ಮೂರನೆಯ ದಿನ ಹಡಗು ವಾಲಿತು. ಹಡಗಿನ ಮೇಲ್ಗಡೆ ಬಯಲಲ್ಲಿದ್ದವರು ದೋಣಿಗೆ ಇಳಿದರು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಓರೆಯಾದ ಮೇಲೆ ಅದನ್ನು ಒಳಗಿನಿಂದ ತೆಗೆಯಲು ಇಸ್ಮಾಯಿಲನಿಗೆ ಆಗಲಿಲ್ಲ.

“ನಂಗೆ ಗೊತ್ತಿತ್ತು ತಾಯಿ. ಗೊತ್ತಿದ್ದೂ ಸುಮ್ಕಿದ್ದೆ.”

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಇಳಿಸಲಿಲ್ಲ.

ಆಮೇಲೆ ಅವರು ಹೇಳಿದ ಕಾಗದ ಇಷ್ಟು: “ಕಪ್ತಾನ್ ಸಾಹೇಬ್ರಿಗೆ ನಮಸ್ಕಾರ. ನಿಮ್ಮ ಹೆಸರು ಗೊತ್ತಿಲ್ಲ. ಹೊಳಲ್ಕೆರೆಯಿಂದ ಬಂದಿರೋ ಈ ಅದಿರು ಮ್ಯಾಲೆ ಒಣಗೈತೆ, ಒಳಗೆ ನೀರೈತೆ. ಹಡಗಿನ ಹೊಟ್ಟೆಗೆ ಹಾಕ್ಕಬ್ಯಾಡ್ರಿ. ಹಾಕ್ಕಂಡ್ರೆ ಭಂಡಾರೀನ ಮ್ಯಾಲ್ಗಡೆ ಬಯಲಾಗೆ ಮಲಗಿಸ್ರಿ.”

ಕಾನ್ವೆಂಟಿನ ಸಿಸ್ಟರ್ ನನಗೆ ರಜೆ ಅರ್ಜಿ, ಶುಭಾಶಯ ಪತ್ರ, ಸಂತಾಪ ಪತ್ರ ಎಲ್ಲ ಕಲಿಸಿದ್ದರು. ಇಂಥದನ್ನು ಕಲಿಸಿರಲಿಲ್ಲ. ಹಡಗಿನ ಹೊಟ್ಟೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ತಿಳಿಯದೆ ‘ಸ್ಟಮಕ್’ ಎಂದೇ ಬರೆದೆ. ಸಿಸ್ಟರ್ ನೋಡಿದ್ದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದರು. ಜುಂಜಣ್ಣ ಕಾಗದದ ಕೆಳಗೆ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು.

ಅಷ್ಟರಲ್ಲಿ ನಮ್ಮವರು ಒಳಗೆ ಬಂದರು. ಮೊಹರು ಇನ್ನೂ ಕೈಯಲ್ಲೇ ಇತ್ತು. “ಏನದು?” ಎಂದರು.

“ಗುಟ್ಟೇನಿಲ್ಲ ಸಾಮಿ, ಓದ್ರಿ. ಲಾರಿ ಹೋದ್ರೆ ಅದ್ರ ಜೊತೀಗೆ ಇದೂ ಹೋಗ್ತೈತೆ. ಡ್ರೈವರ್ ಕೈಯಾಗೆ ಕೊಡ್ತೀನಿ.”

ನಮ್ಮವರು ಓದಿದರು. ನನ್ನ ಅಕ್ಷರ ಗುರುತಿಸಿ ನನ್ನತ್ತ ಒಮ್ಮೆ ನೋಡಿದರು. ಮತ್ತೆ ಕೊನೆಯ ಸಾಲಿಗೆ ಬಂದು, “ಭಂಡಾರಿ ಅಂದ್ರೆ ಯಾರು?” ಎಂದು ಕೇಳಿದರು. “ಅಡುಗೆಯವರು,” ಎಂದೆ ನಾನು. ಅವರು ಕಾಗದವನ್ನು ಹಾಗೇ ಮೇಜಿನ ಮೇಲಿಟ್ಟು, ಮೊಹರನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಸೈಕಲ್ ಹತ್ತಿ ಪೋಸ್ಟಾಫೀಸಿಗೆ ಹೋದರು. ದಾವಣಗೆರೆಯ ಮಾಲೀಕರಿಗೆ ಟ್ರಂಕ್ ಕಾಲ್ ಸಿಗಲು ಒಂದೂವರೆ ಗಂಟೆ ಹಿಡಿಯಿತಂತೆ. ಅಷ್ಟು ಹೊತ್ತೂ ಜುಂಜಣ್ಣ ಹೊಸ್ತಿಲು ಬಿಟ್ಟು ಕದಲಲಿಲ್ಲ. ನಾನು ಕೊಟ್ಟ ಉಪ್ಪಿಟ್ಟು ಪಕ್ಕದಲ್ಲೇ ಆರಿ ಗಟ್ಟಿಯಾಯಿತು.

ವಾಪಸು ಬಂದ ನಮ್ಮವರು ಚಪ್ಪಲಿ ಬಿಡುತ್ತ, “ನಾಲ್ಕು ದಿನ,” ಎಂದರು. “ಬೇರೆ ಮಾಲು ಮೊದಲು ತುಂಬಿಸಿ, ನಮ್ಮದು ಕೊನೆಗೆ ಹಾಕಿಸ್ತಾರಂತೆ. ಅಷ್ಟರಲ್ಲಿ ಒಣಗಬೇಕು. ‘ಖಲಾಸಿ ಮಾತು ಕೇಳೋದಾದ್ರೆ ಅವನನ್ನೇ ಮ್ಯಾನೇಜರ್ ಮಾಡ್ತೀನಿ’ ಅಂತಲೂ ಅಂದ್ರು.” ಜೇಬಿನಿಂದ ಮೊಹರು ತೆಗೆದು ಕೊಟ್ಟರು. “ತಗೊಳ್ಳಿ. ಇದು ನಿಮ್ಮ ಹತ್ರಾನೇ ಇರಲಿ.”

ಜುಂಜಣ್ಣ ಅದನ್ನು ಸೊಂಟಕ್ಕೆ ಕಟ್ಟಿಕೊಂಡರು. ಮೇಜಿನ ಮೇಲಿದ್ದ ಕಾಗದವನ್ನೂ ಕೇಳಿ ಪಡೆದು, ಮಡಿಸಿ, ತಲೆವಸ್ತ್ರದೊಳಗೆ ಸಿಕ್ಕಿಸಿಕೊಂಡರು. “ಇರ್ಲಿ ತಾಯಿ. ಇನ್ನೊಂದು ಮಳೆಗೆ ಬೇಕಾಗ್ತೈತೆ.” ಆಮೇಲೆ ಆ ಗಟ್ಟಿ ಉಪ್ಪಿಟ್ಟನ್ನು ಒಂದು ಚೂರೂ ಬಿಡದೆ ತಿಂದರು.

ಮೂರು ವರ್ಷದ ನಂತರ ನಮಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಅವರೂ ಕೆಲಸ ಬಿಟ್ಟು ತಮ್ಮನ ಮನೆಗೆ ಹೋದರು. ಒಮ್ಮೆ ಮಾತ್ರ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಕೈಯಲ್ಲಿ ಒಂದು ಕುರಿಮರಿ ಹಿಡಿದುಕೊಂಡು. ನನ್ನ ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, “ತೊಟ್ಟಿಲು ಸಾಲದಂಗೆ ಬೆಳದಾಳೆ,” ಎಂದು ಮರಿಯನ್ನು ಅವಳ ತೋಳಿಗೆ ಕೊಟ್ಟರು. ಬಸ್ಸು ಹೊರಡುವವರೆಗೆ ಅದು ಅವಳ ಬಳಿಯೇ ಇತ್ತು. ಮರು ವರ್ಷ ಅವರ ತಮ್ಮ ಯಾರ ಕೈಯಲ್ಲೋ ಬರೆಸಿ ಹಾಕಿದ ಕಾರ್ಡು ಬಂತು. ಮಲಗಿದಲ್ಲೇ ಹೋದರಂತೆ, ಬಯಲಿನಲ್ಲಿ, ಮಂದೆಯ ಪಕ್ಕದಲ್ಲಿ.

ಆದರೆ ನನಗೆ ಅವರು ಕಾಣುವುದು ಆ ದಿನದ ಇಳಿಹೊತ್ತಿನಲ್ಲೇ. ಅದಿರನ್ನೆಲ್ಲ ಅಂಗಳದ ತುಂಬ ತೆಳ್ಳಗೆ ಹರಡಿಸಿದ್ದರು. ಕಾಲು ಅಗಲಿಸಿ ನಡೆಯುತ್ತ, ಗೋರುಮಣೆಯಿಂದ ಕಡಲೆಕಾಯಿ ತಿರುವಿ ಹಾಕುವಂತೆ ತಿರುವುತ್ತಿದ್ದರು. ಡ್ರೈವರುಗಳು ಹುಣಸೆಮರದ ಕೆಳಗೆ ಇಸ್ಪೀಟು ಹಾಕಿದ್ದರು. ನಾನು ಹಿತ್ತಲಲ್ಲಿ ನಿಂತು ನೋಡುತ್ತಿದ್ದೆ. ಮಂಗಳೂರಿನಲ್ಲಿ ಯಾವನೋ ಒಬ್ಬ ಭಂಡಾರಿ ಆ ಹೊತ್ತಿಗೆ ರಾತ್ರಿಯ ಅಡುಗೆಗೆ ಅಕ್ಕಿ ತೊಳೆಯುತ್ತಿರಬಹುದು ಎಂದುಕೊಂಡೆ.

ಪಕ್ಕದ ಮನೆಯ ಗೌರಮ್ಮನವರು, ಸ್ಕೂಲು ಮೇಷ್ಟ್ರ ಹೆಂಡತಿ, ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಬಿಳಿ ಪಂಚೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು.

“ಏನ್ರೀ, ಇವತ್ತು ಒಂದು ಲಾರೀನೂ ಹೋಗ್ಲಿಲ್ವಲ್ಲ? ನೋಡ್ರಿ ಇಲ್ಲಿ, ಒಂದು ತೊಟ್ಟು ಕೆಂಪು ರಾಡಿ ಸಿಡಿದಿಲ್ಲ. ದಿನಾ ಹಿಂಗೇ ಇರಬಾರ್ದೇನ್ರಿ?”