ಜಿಮ್ಮಿಯ ಪಾಲಿನ ಹಣ್ಣು

ಅದು ಶಿವರಾತ್ರಿಯ ಹಿಂದಿನ ದಿನ. ಹೊಸಮನೆಯ ನಮ್ಮ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಹಣ್ಣು ಸುರಿದಿದ್ದರು. ಚಿಕ್ಕಪ್ಪ ಗಾಂಧಿ ಬಜಾರಿನಿಂದ ಗೋಣಿಚೀಲದಲ್ಲಿ ಹೊತ್ತು ತಂದ ಕರಬೂಜ, ಕಲ್ಲಂಗಡಿ, ಒಂದು ಗೊನೆ ಪುಟ್ಟಬಾಳೆ, ಬಿದಿರಿನ ಬುಟ್ಟಿಯಲ್ಲಿ ಕಪ್ಪು ದ್ರಾಕ್ಷಿ. ಚಿಕ್ಕಮ್ಮ ಒಂದೊಂದೇ ಕರಬೂಜವನ್ನು ಮೂಸಿ ನೋಡಿ, ಇದು ನಾಳೆಗೆ, ಇದು ನಾಡಿದ್ದಿಗೆ ಎಂದು ಬೇರೆ ಮಾಡುತ್ತಿದ್ದಳು. ಅವಳ ಬೆನ್ನಿಗೆ ಒತ್ತಿಕೊಂಡು ಜಿಮ್ಮಿ ಮಲಗಿತ್ತು. ಅಜ್ಜ ಬಾಗಿಲಲ್ಲಿ ನಿಂತು, ಮೂಸುವ ಕೆಲಸ ನಾಯಿಗೆ ಕೊಡಮ್ಮ, ಅದು ನಿನಗಿಂತ ಚೆನ್ನಾಗಿ ಹೇಳುತ್ತದೆ ಎಂದು ನಕ್ಕರು. ಮನೆಯಲ್ಲಿ ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ. ಅಂಥ ದಿನ ಮತ್ತೆ ಬರಲು ಒಂದು ವರ್ಷ ಹಿಡಿಯಿತು...

ಹೋದ ವಾರ ವಿದ್ಯಾನಗರದ ಈ ಮನೆಯಲ್ಲಿ ಸೊಸೆ ಕರಬೂಜ ಹೆಚ್ಚುತ್ತಿದ್ದಳು. ಆ ವಾಸನೆ ಹೊರಗೆ ಬಂದದ್ದೇ ತಡ, ಆ ಚಾಪೆ, ಆ ಬುಟ್ಟಿ, ಹಣ್ಣು ಹಿಡಿದ ಚಿಕ್ಕಮ್ಮನ ಕೈ ಎಲ್ಲವೂ ಕಣ್ಣಮುಂದೆ ಬಂದವು. ಚಿಕ್ಕಮ್ಮ ತೀರಿಕೊಂಡದ್ದು ಕಳೆದ ಕಾರ್ತಿಕದಲ್ಲಿ. ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತಾಗಲೆಲ್ಲ ಎಲ್ಲಿಂದ ಹಿಡಿಯುವುದೋ ತಿಳಿಯದೆ ಎದ್ದುಬಿಡುತ್ತಿದ್ದೆ. ಇಂದು ಮುಗಿಸಿಯೇ ಏಳಬೇಕೆಂದು ಕೂತಿದ್ದೇನೆ.

ಚಿಕ್ಕಮ್ಮ ನಮ್ಮಪ್ಪನ ತಮ್ಮನ ಹೆಂಡತಿ. ಭದ್ರಾವತಿಯವಳು. ಅವಳಪ್ಪ ಅಲ್ಲಿ ಕಾರ್ಖಾನೆಯ ಕೆಲಸದಲ್ಲಿದ್ದರು. ಅವಳು ಹುಟ್ಟಿ ಬೆಳೆದದ್ದು ಕ್ವಾರ್ಟರ್ಸಿನ ಸಾಲುಮನೆಯಲ್ಲಿ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನಾಗ ಪ್ರೈಮರಿ ಸ್ಕೂಲಿನ ಹುಡುಗಿ. ಅವಳು ಮದುವೆಯಾಗಿ ಬಂದ ಸ್ವಲ್ಪ ದಿನಕ್ಕೆ ಅವಳಪ್ಪ ಒಂದು ಕಂದು ನಾಯಿಯನ್ನು ರೈಲಿನಲ್ಲಿ ಕರೆತಂದರು. ಮಗಳು ಹೋದಾಗಿನಿಂದ ಅದು ಅನ್ನ ಮುಟ್ಟುತ್ತಿಲ್ಲ, ಬಾಗಿಲಲ್ಲೇ ಬಿದ್ದಿರುತ್ತದೆ ಎಂದು ಅಜ್ಜನ ಮುಂದೆ ಕೈಮುಗಿದರು. ಬೀಗರು ಕೈಮುಗಿದ ಮೇಲೆ ಬೇಡವೆನ್ನುವ ಹಾಗಿರಲಿಲ್ಲ. ನಡುಮನೆ ದಾಟಿ ದೇವರ ಮನೆ, ಅಡುಗೆಮನೆ ಕಡೆ ಬರಬಾರದು ಎಂಬ ಒಂದು ಮಾತಿನ ಮೇಲೆ ಜಿಮ್ಮಿ ನಮ್ಮದಾಯಿತು.

ಕ್ವಾರ್ಟರ್ಸಿನ ಅಕ್ಕಪಕ್ಕದ ಮಕ್ಕಳೆಲ್ಲ ಅದನ್ನು ತಮಿಳಿನಲ್ಲೇ ಕರೆಯುತ್ತಿದ್ದರಂತೆ. ಬಾ ಎಂದರೆ ಜಿಮ್ಮಿಯ ಕಿವಿಯೂ ಅಲ್ಲಾಡುತ್ತಿರಲಿಲ್ಲ. ‘ಇಂಗ ವಾ’ ಎಂದರೆ ಓಡಿ ಬರುತ್ತಿತ್ತು. ಅಜ್ಜ ಕೆಲವು ದಿನ ಹಟ ಹಿಡಿದು ಕನ್ನಡದಲ್ಲೇ ಕರೆದರು. ಆಮೇಲೊಂದು ಬೆಳಿಗ್ಗೆ ಹಣೆತುಂಬ ವಿಭೂತಿ ಧರಿಸಿ, ಜಗುಲಿಯಲ್ಲಿ ನಿಂತು, ಆಚೀಚೆ ನೋಡಿಕೊಂಡು, ಮೆಲ್ಲಗೆ ‘ಇಂಗ ವಾ’ ಎಂದದ್ದು ಕಿಟಕಿಯ ಹಿಂದಿದ್ದ ನನಗೆ ಕೇಳಿಸಿತು. ಅಂದಿನಿಂದ ಇಬ್ಬರೂ ದೋಸ್ತರು.

ಅಜ್ಜನ ಪೂಜೆ ಒಂದು ದಿನವೂ ತಪ್ಪಿದ್ದಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟುಕೊಂಡು ಕೂತರೆ ನಾವು ಉಸಿರು ಬಿಗಿಹಿಡಿದು ಓಡಾಡುತ್ತಿದ್ದೆವು. ನೈವೇದ್ಯವಾದ ಹಣ್ಣನ್ನು ಅವರೇ ಎದ್ದು ಬಂದು ಹಂಚಬೇಕು. ಪ್ರಸಾದದ ಒಂದು ಚೂರೂ ಹಾಳಾಗಬಾರದು, ಮನೆಯಲ್ಲಿರುವ ಎಲ್ಲ ಜೀವಕ್ಕೂ ಸಲ್ಲಬೇಕು ಎಂಬುದು ಅವರ ಪದ್ಧತಿ. ನಮ್ಮ ಕೈಗೆ, ಹಿತ್ತಲಿನ ಹಸುವಿಗೆ, ಕೊನೆಗೆ ಜಿಮ್ಮಿಗೆ.

ಚಿಕ್ಕಮ್ಮನಿಗೆ ಇದರಲ್ಲಿ ತಕರಾರೇನೂ ಇರಲಿಲ್ಲ. ನಾಯಿಗೆ ಹಣ್ಣು ಕೊಡುವುದರಲ್ಲಿ ಅವಳದೇ ಒಂದು ಕ್ರಮವಿತ್ತು, ಅಷ್ಟೆ. ಹಾಲನ್ನವೋ ರೊಟ್ಟಿಯೋ ಹೊಟ್ಟೆಗೆ ಬಿದ್ದ ಮೇಲೆ ಹಣ್ಣು, ಅದೂ ಅಪರೂಪಕ್ಕೆ. ಬಾಳೆಹಣ್ಣಾದರೆ ಸಿಪ್ಪೆ ಸುಲಿದು ಒಂದು ತುಂಡು. ಮಾವಿನಹಣ್ಣಾದರೆ ತಿರುಳು ಮಾತ್ರ. ವಾಟೆಯನ್ನು ನಾಯಿಯ ಕಣ್ಣಿಗೇ ಬೀಳದಂತೆ ಹೂಳಿಬಿಡುತ್ತಿದ್ದಳು, ಅದು ನುಂಗಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಂಡರೆ ತೆಗೆಯುವವರು ಯಾರು ಎಂದು. ಕರಬೂಜ, ಪರಂಗಿಹಣ್ಣಿನ ಬೀಜಗಳನ್ನೆಲ್ಲ ಕೆರೆದು ತೆಗೆಯುವಳು. ಸೀತಾಫಲದ ಕಾಲದಲ್ಲಂತೂ ನಾವು ಅಂಗಳದಲ್ಲಿ ಬೀಜ ಉಗುಳುವ ಹಾಗೇ ಇರಲಿಲ್ಲ. ಪಾಪ, ಆಸೆಯಿಂದ ನೋಡುತ್ತದೆ, ಇನ್ನೊಂದು ಚೂರು ಕೊಡೋಣ ಎಂದು ನಾವು ಗೋಗರೆದರೆ ಅವಳದು ಒಂದೇ ಉತ್ತರ. ‘ಹಣ್ಣು ಅದಕ್ಕೆ ಊಟ ಅಲ್ಲ ಕಣ್ರೇ, ಬಾಯಿ ಸಿಹಿ ಮಾಡ್ಕೊಳ್ಳೋಕೆ ಅಷ್ಟೇ.’

ಆ ಶಿವರಾತ್ರಿಯಂದು ಮನೆಯವರಿಗೆಲ್ಲ ಉಪವಾಸ, ಒಲೆ ಹಚ್ಚಿರಲಿಲ್ಲ. ಜಿಮ್ಮಿಗೆಂದು ಚಿಕ್ಕಮ್ಮ ಹಿಂದಿನ ದಿನದ ರೊಟ್ಟಿ ಎತ್ತಿಟ್ಟಿದ್ದಳು, ಆದರೆ ಜಿಮ್ಮಿ ಅದನ್ನು ಮುಟ್ಟದೆ ಅಜ್ಜನ ಪೂಜೆ ಮುಗಿಯುವವರೆಗೂ ದೇವರ ಮನೆಯ ದಿಕ್ಕಿಗೆ ಮುಖ ಮಾಡಿ ಕೂತೇ ಇತ್ತು. ಅಜ್ಜನಿಗೆ ಅದನ್ನು ನೋಡಿ ಹಿಗ್ಗು. ಇದೂ ಉಪವಾಸ ಮಾಡಿದೆ ನೋಡಿ ಎಂದು ಎಲ್ಲರಿಗೂ ತೋರಿಸಿ, ತಟ್ಟೆಯಲ್ಲಿದ್ದ ದ್ರಾಕ್ಷಿಯನ್ನು ಬೊಗಸೆ ತುಂಬ ತೆಗೆದು ಅದರ ಮುಂದಿಟ್ಟರು. ಚಿಕ್ಕಮ್ಮ ಹಿತ್ತಲಲ್ಲಿ ನೀರು ಸೇದುತ್ತಿದ್ದಳು. ಇದ್ದಿದ್ದರೂ ಅಂದು ತಡೆಯುತ್ತಿರಲಿಲ್ಲವೇನೋ. ದ್ರಾಕ್ಷಿಯಿಂದ ನಾಯಿಗೆ ಏನಾದರೂ ಆದೀತು ಎಂದು ಆ ಕಾಲದಲ್ಲಿ ಯಾರು ಕೇಳಿದ್ದರು...

ಸಂಜೆಯ ಹೊತ್ತಿಗೆ ಜಿಮ್ಮಿ ವಾಂತಿ ಮಾಡತೊಡಗಿತು. ಮಾರನೆಯ ದಿನ ನೀರನ್ನೂ ಮುಟ್ಟಲಿಲ್ಲ. ಚಿಕ್ಕಪ್ಪ ದನದ ಡಾಕ್ಟರನ್ನು ಕರೆತಂದರು. ಅವರು ಹೊಟ್ಟೆ ಮುಟ್ಟಿ ನೋಡಿ, ಏನೋ ತಿಂದು ಕೆಟ್ಟಿದೆ, ಬಾಯಿಗೆ ನೀರು ಬಿಡುತ್ತಿರಿ ಎಂದು ಪುಡಿ ಕೊಟ್ಟು ಹೋದರು. ಚಿಕ್ಕಮ್ಮ ಜಿಮ್ಮಿಯನ್ನು ಹಸುವಿನ ಕೊಟ್ಟಿಗೆಯಲ್ಲಿ ಮಲಗಿಸಿ ಅಲ್ಲೇ ಕೂತಳು. ಎಳೆಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನು ಅವಳ ತವರಿನವರು ಮದುವೆಯಲ್ಲಿ ಕೊಟ್ಟಿದ್ದರು, ಇನ್ನೂ ಹುಟ್ಟದ ಮಕ್ಕಳಿಗೆಂದು. ಅದನ್ನು ಪೆಟ್ಟಿಗೆಯಿಂದ ತೆಗೆದು, ಅದರಲ್ಲಿ ಗಂಜಿತಿಳಿ ತುಂಬಿ ಜಿಮ್ಮಿಯ ದವಡೆಯ ಪಕ್ಕದಿಂದ ಹನಿಹನಿಯಾಗಿ ಇಳಿಸಿದಳು. ನನ್ನಮ್ಮ, ಬೆಳ್ಳಿ ಒಳಲೆ ಕಣೇ, ನಾಯಿ ಬಾಯಿಗಾ ಎಂದದ್ದಕ್ಕೆ ತಲೆ ಎತ್ತದೆ, ತೊಳೆದರೆ ಹೋಗುತ್ತೆ ಅಕ್ಕ ಎಂದಳು. ಅದು ಏಳುವುದಿಲ್ಲ ಎಂದು ಎಲ್ಲರೂ ಕೈಬಿಟ್ಟ ಮೇಲೂ ಅವಳು ಬಿಡಲಿಲ್ಲ. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಜಿಮ್ಮಿ ಕಾಲೂರಿ ನಿಂತಿತು.

ಅಂದು ಅಜ್ಜ ಕೊಟ್ಟಿಗೆಯ ಹತ್ತಿರ ಬಂದು, ಅಂತೂ ಎದ್ದಿತಲ್ಲಮ್ಮ ಎಂದರು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ನಿಂತಳು.

‘ಎದ್ದಿದೆ ಮಾವ. ಇನ್ಮೇಲೆ ಅದಕ್ಕೆ ದ್ರಾಕ್ಷಿ ಮಾತ್ರ ಬೇಡ.’

‘ದ್ರಾಕ್ಷಿ ಏನ್ ಮಾಡ್ತಮ್ಮ? ನಾವೆಲ್ಲ ತಿನ್ಲಿಲ್ವಾ? ಪ್ರಸಾದ ಅದು.’

‘ನಮಗೆ ಏನೂ ಆಗಲ್ಲ. ಅದಕ್ಕೆ ಆಗಿಬರಲ್ಲ.’

‘ನಿನಗ್ಯಾರು ಹೇಳಿದ್ರು?’

‘ಯಾರೂ ಹೇಳಿಲ್ಲ ಮಾವ. ನನಗೂ ಗೊತ್ತಿಲ್ಲ. ಗೊತ್ತು ಮಾಡ್ಕೋಬೇಕು ಅಂದ್ರೆ ಇನ್ನೊಂದ್ಸಲ ತಿನ್ನಿಸಿ ನೋಡ್ಬೇಕು. ನಾನು ನೋಡಲ್ಲ.’

ಬಾಳೆ, ಕರಬೂಜ, ಕಲ್ಲಂಗಡಿ ಎಲ್ಲವನ್ನೂ ಜಿಮ್ಮಿ ಮೊದಲೂ ತಿಂದಿತ್ತು; ಏನೂ ಆಗಿರಲಿಲ್ಲ. ಹೊಸದಾಗಿ ತಿಂದದ್ದು ದ್ರಾಕ್ಷಿಯೊಂದೇ. ಭದ್ರಾವತಿಯಲ್ಲಿ ಜಿಮ್ಮಿಯ ತಾಯಿ ಯಾರದೋ ಮದುವೆಮನೆಯ ಹಿಂದೆ ಒಣದ್ರಾಕ್ಷಿಯ ಪೊಟ್ಟಣ ಹರಿದು ತಿಂದು ಹೀಗೆಯೇ ವಾಂತಿ ಮಾಡಿಕೊಂಡು ಸತ್ತಿತ್ತಂತೆ. ಆಗ ಯಾರೋ ವಿಷ ಇಟ್ಟರೆಂದು ಕೇರಿಯವರೆಲ್ಲ ಬೈದಾಡಿಕೊಂಡಿದ್ದರು. ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಅವಳಿಗೆ ಅನುಮಾನ ಬಂದಿತ್ತು. ಇದನ್ನೆಲ್ಲ ಅವಳು ಹೇಳುವ ಮೊದಲೇ ಅಜ್ಜ ಹೊರಟುಹೋದರು. ಅವರ ಕಿವಿಗೆ ಬಿದ್ದದ್ದು ಒಂದೇ: ತಮ್ಮ ಕೈಯ ಪ್ರಸಾದ ಕೇಡು ಮಾಡಿತು ಎಂದು ಸೊಸೆ ಹೇಳಿದಳು.

ಅಂದಿನಿಂದ ಅವರು ಜಿಮ್ಮಿಯನ್ನು ಕರೆಯುವುದನ್ನು ಬಿಟ್ಟರು. ಪ್ರಸಾದ ಹಿಡಿಸದ ನಾಯಿಗೆ ಈ ಮನೆಯಲ್ಲಿ ಏನು ಕೆಲಸ, ಭದ್ರಾವತಿಗೆ ಬಿಟ್ಟು ಬಾ ಎಂದು ಚಿಕ್ಕಪ್ಪನಿಗೆ ಹೇಳಿದರು. ಚಿಕ್ಕಪ್ಪ ಅದನ್ನು ತಂದು ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು.

‘ಬಿಟ್ಟು ಬನ್ನಿ. ಎರಡು ಟಿಕೆಟ್ ತಗೊಳ್ಳಿ, ನಾನೂ ಬರ್ತೀನಿ. ಬರೋವಾಗ ನಿಮಗೊಂದೇ ಸಾಕು.’

ಚಿಕ್ಕಪ್ಪ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಅಜ್ಜ ತಮ್ಮ ಮಾತನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಜಿಮ್ಮಿ ಇರುವುದೋ ಹೋಗುವುದೋ ಎಂಬುದು ಒಂದು ವರ್ಷ ಹಾಗೇ ತೂಗಾಡಿತು.

ಚಿಕ್ಕಮ್ಮ ಜಗಳವಾಡಲಿಲ್ಲ. ತನ್ನ ಕ್ರಮವನ್ನು ಇನ್ನಷ್ಟು ಬಿಗಿ ಮಾಡಿದಳು. ಜಿಮ್ಮಿಯ ಹತ್ತಿರ ಯಾರೇ ಕೈ ಮುಚ್ಚಿಕೊಂಡು ಬಂದರೂ, ‘ಅಂಗೈ ತೋರ್ಸಿ’ ಎನ್ನುವಳು. ನಾವು ಮಕ್ಕಳು, ನನ್ನಪ್ಪ, ಹಾಲು ಹಾಕುವವನು, ಯಾರನ್ನೂ ಬಿಡುತ್ತಿರಲಿಲ್ಲ. ಅಂಗೈ ಬಿಚ್ಚಿ ತೋರಿಸಿ, ಸಿಪ್ಪೆ ಬೀಜ ಏನಿದ್ದರೂ ತೆಗೆಸಿಕೊಂಡು, ಆಮೇಲೆ ಕೊಡಬೇಕು. ಪಾಯಸದ ದಿನ ಒಣದ್ರಾಕ್ಷಿಗೆ ಹೆದರಿ ಜಿಮ್ಮಿಯನ್ನು ಹಿತ್ತಲಲ್ಲಿ ಕಟ್ಟಿಹಾಕುವಳು. ಕೇರಿಯ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಲೇ ಅಂಗೈ ನೋಡುತ್ತಿದ್ದಳು. ಜಗುಲಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಅಜ್ಜನೊಬ್ಬರಿಗೆ ಮಾತ್ರ ಆ ಮಾತು ಹೇಳುತ್ತಿರಲಿಲ್ಲ. ಅವರ ಅಂಗೈ ಲಿಂಗ ಕೂರುವ ಜಾಗ. ಅದನ್ನು ತೋರಿಸಿ ಎನ್ನಲು ಯಾವ ಸೊಸೆಗೂ ಬಾಯಿ ಬರುವುದಿಲ್ಲ.

ಮರುವರ್ಷ ಶಿವರಾತ್ರಿಗೆ ಶಿಕಾರಿಪುರದಿಂದ ಸೋದರತ್ತೆ ಬಂದಳು. ಅಜ್ಜನ ಹಿರಿಮಗಳು, ಬಾಯಿ ಸ್ವಲ್ಪ ಜೋರು. ಮನೆಯ ಸುದ್ದಿಯೆಲ್ಲ ಅವಳಿಗೆ ಮೊದಲೇ ಮುಟ್ಟಿತ್ತು. ಅಂದು ಅಜ್ಜನ ಪೂಜೆ ಮುಗಿದು ಪ್ರಸಾದದ ತಟ್ಟೆಗಳು ಹೊರಗೆ ಬಂದವು. ಅತ್ತೆ ದ್ರಾಕ್ಷಿಯನ್ನು ಮುಷ್ಟಿಯಲ್ಲಿ ಹಿಡಿದು ಜಿಮ್ಮಿಯ ಕಡೆ ನಡೆದಳು.

‘ನಾಯಿಗೂ ಪಥ್ಯ ಮಾಡ್ಸೋ ಮಾರಾಯ್ತೀನ ಈ ಮನೇಲೇ ನೋಡಿದ್ದು ನಾನು. ಬಾರೋ, ನಿನಗೆ ಕೊಡಬೇಡ ಅನ್ನೋರು ಯಾರು ನೋಡ್ತೀನಿ.’

ಅಡುಗೆಮನೆಯಿಂದ ಚಿಕ್ಕಮ್ಮ ಓಡಿ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ದೇವರ ಮನೆಯ ಬಾಗಿಲಿನಿಂದ ಅಜ್ಜನ ದನಿ ಬಂತು.

‘ಅಂಗೈ ತೋರ್ಸಮ್ಮ.’

ಅತ್ತೆ ತಿರುಗಿ ನೋಡಿದಳು. ಪ್ರಸಾದ ಅಪ್ಪಾಜಿ ಎಂದಳು.

‘ಪ್ರಸಾದನೇ. ಅದನ್ನ ನೀನು ತಿನ್ನು. ಅದರ ಪಾಲು ಬೇರೆ ನೈವೇದ್ಯ ಮಾಡಿದೀನಿ.’

ಅವರ ಕೈಯಲ್ಲಿ ಒಂದು ಬಾಳೆಎಲೆಯ ತುಂಡಿತ್ತು. ಅದರಲ್ಲಿ ಸಿಪ್ಪೆ ಸುಲಿದ ಪುಟ್ಟಬಾಳೆಯ ಅರ್ಧ, ಕಲ್ಲಂಗಡಿಯ ಒಂದಿಷ್ಟು ಕೆಂಪು ತಿರುಳು. ಬೀಜಗಳನ್ನು ಅವರೇ ಕೂತು ತೆಗೆದಿದ್ದರು. ಬೆರಳ ತುದಿಯೆಲ್ಲ ಕೆಂಪಾಗಿತ್ತು. ಆ ಎಲೆಯನ್ನು ಅಂಗೈಮೇಲಿಟ್ಟುಕೊಂಡು ಚಿಕ್ಕಮ್ಮನ ಮುಂದೆ ಚಾಚಿದರು.

‘ನೋಡಮ್ಮ, ಬೀಜ ಉಳಿದಿದ್ರೆ ತೆಗಿ. ನನಗೆ ಕಣ್ಣು ಸರಿಯಾಗಿ ಕಾಣಲ್ಲ.’

ಚಿಕ್ಕಮ್ಮ ಬಗ್ಗಿ ನೋಡಿದಳು. ಸುಮ್ಮನೆ ನೋಡಿದ ಹಾಗೆ ಮಾಡಿ ಸರಿ ಇದೆ ಮಾವ ಎಂದುಬಿಡಬಹುದಿತ್ತು. ಅವಳು ಹಾಗೆ ಮಾಡುವವಳಲ್ಲ. ತಿರುಳನ್ನು ಬೆರಳಿನಿಂದ ಸರಿಸಿದಳು; ಒಂದು ಬೀಜ ಸಿಕ್ಕಿತು, ತೆಗೆದಳು. ಆಮೇಲೆ ಹೂಂ ಎಂದಳು. ಅಜ್ಜ ಜಗುಲಿಗೆ ಹೋಗಿ, ಈ ಸಲ ಎಲ್ಲರೂ ಕೇಳುವ ಹಾಗೆ, ‘ಇಂಗ ವಾ’ ಎಂದು ಕರೆದರು. ಅತ್ತೆಯೂ ನಕ್ಕುಬಿಟ್ಟಳು.

ಭದ್ರಾವತಿಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ. ಜಿಮ್ಮಿ ಮುದಿಯಾಗಿ, ನಮ್ಮ ಜಗುಲಿಯಲ್ಲೇ ಸತ್ತಿತು. ಆಮೇಲೆ ಬಂದ ನಾಯಿಗಳಿಗೂ ಅದೇ ಕ್ರಮ. ಅಜ್ಜ ಹೋದರು, ಚಿಕ್ಕಪ್ಪ ಹೋದರು; ಒಳಲೆ ಚಿಕ್ಕಮ್ಮನ ಮಕ್ಕಳಿಗೂ ಆಯಿತು, ಮೊಮ್ಮಕ್ಕಳಿಗೂ ಆಯಿತು. ಅವಳನ್ನು ನೋಡಲು ಹೋದಾಗಲೆಲ್ಲ ನನ್ನ ಮೊಮ್ಮಗ ಬಿಸ್ಕತ್ತು ಮುಚ್ಚಿಕೊಂಡು ಅವಳ ನಾಯಿಯ ಹತ್ತಿರ ಸರಿಯುತ್ತಿದ್ದ. ಮಂಚದ ಮೇಲಿಂದಲೇ ಅವಳು ಅಂಗೈ ತೋರಿಸು ಎನ್ನುತ್ತಿದ್ದಳು. ಕಣ್ಣು ಮಂಜಾಗಿತ್ತು, ಆದರೂ...

ಒಮ್ಮೆ ಕೇಳಿದ್ದೆ, ಅಷ್ಟು ಗಟ್ಟಿಯಾಗಿ ಹೇಗೆ ನಿಂತೆ ಚಿಕ್ಕಮ್ಮ, ನಿನ್ನ ಅನುಮಾನ ತಪ್ಪಾಗಿದ್ದಿದ್ದರೆ ಎಂದು. ತಪ್ಪಾಗಿದ್ದರೆ ನಾಯಿಗೆ ಒಂದು ಹಣ್ಣು ತಪ್ಪುತ್ತಿತ್ತು, ಸರಿಯಾಗಿದ್ದರೆ ಜೀವ ಉಳಿಯುತ್ತಿತ್ತು, ಇದರಲ್ಲಿ ಯೋಚಿಸುವುದೇನಿದೆ ಎಂದಳು. ಆದರೂ ನಿಜ ಏನು ಅಂತ ಮಾತ್ರ ಯಾರೂ ಹೇಳಲಿಲ್ಲ ನೋಡು ಎಂದು ಸೇರಿಸಿದಳು.

ಅವಳ ಕಾರ್ಯವೆಲ್ಲ ಮುಗಿದ ಮೇಲೆ ನಮ್ಮ ನಾಯಿಗೆ ಇಂಜೆಕ್ಷನ್ ಹಾಕಿಸಲು ಮಗನ ಜೊತೆ ನಾನೂ ಹೋಗಿದ್ದೆ. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಣ್ಣು ಕೊಡುತ್ತೀರಾ ಎಂದು ಕೇಳಿದಳು. ಬಾಳೆ, ಕಲ್ಲಂಗಡಿ, ಸೇಬು ಸ್ವಲ್ಪ ಸ್ವಲ್ಪ ಕೊಡಬಹುದು, ಬೀಜ ಸಿಪ್ಪೆ ತೆಗೆದು. ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಒಂದೂ ಬೇಡ, ಕಿಡ್ನಿ ಹೋಗುತ್ತದೆ, ಯಾವ ನಾಯಿಗೆ ಎಷ್ಟರಲ್ಲಿ ಆಗುತ್ತದೆ ಎಂದು ಹೇಳುವುದಕ್ಕಾಗುವುದಿಲ್ಲ ಎಂದಳು. ನಾನು ಇನ್ನೊಂದು ಸಲ ಹೇಳಮ್ಮ ಎಂದೆ. ಅವಳು ಬೇಸರಪಡದೆ ಮತ್ತೆ ಹೇಳಿದಳು.

ಈಗ ಮನೆಯಲ್ಲಿ ಅಂಗೈ ನೋಡುವವಳು ನಾನು. ಮೊಮ್ಮಗ ನಗುತ್ತಾನೆ, ನಗಲಿ. ಹೋದ ವಾರ ಕರಬೂಜದ ಬೀಜವನ್ನೆಲ್ಲ ನಾನೇ ಕೆರೆದು, ನಾಯಿಗೆ ಎರಡು ಹೋಳು ಮಾತ್ರ ಕೊಟ್ಟೆ. ನಾನಿರುವವರೆಗೆ ಇದು ನಿಲ್ಲುವುದಿಲ್ಲ.

ಆ ಡಾಕ್ಟರ್ ಹೇಳಿದ್ದನ್ನು ಚಿಕ್ಕಮ್ಮನಿಗೆ ಹೇಳಬೇಕಿತ್ತು. ಹೇಳಲು ಅವಳಿಲ್ಲ.