ಮುರಗೋಡದ ಫಿಯಾಟ್ ಕಾರಿಗೆ ಫೋಟೊ

ಬೈಲಹೊಂಗಲದ ಬಜಾರಿನಲ್ಲಿ ಯಶೋಧಾಳದೊಂದು ಸಣ್ಣ ಫೋಟೊ ಸ್ಟುಡಿಯೋ. ಮದುವೆ, ಬಸುರಿಯ ಕುಬಸ, ತೊಟ್ಟಿಲ ಕಾರ್ಯ ಎಂದು ಊರೂರು ಕ್ಯಾಮೆರಾ ಹೊತ್ತು ತಿರುಗಿದವಳು. ಗುರುತಿಲ್ಲದ ಮನೆಗೆ ಕಾಲಿಟ್ಟರೆ, ಹೊರಗೆ ಬರುವ ದಾರಿ ಯಾವುದೆಂದು ಮೊದಲು ನೋಡಿಕೊಳ್ಳುತ್ತಿದ್ದಳು. ಒಬ್ಬಳೇ ತಿರುಗುವ ಹೆಂಗಸಿಗೆ ಕಸುಬೇ ಕಲಿಸಿದ ಬುದ್ಧಿ ಅದು.

ಮುರಗೋಡದ ವೀರಪ್ಪ ಫೋನ್ ಮಾಡಿ, ತನ್ನಪ್ಪನ ಕಾಲದ ಫಿಯಾಟ್ ಕಾರು ಮಾರುವುದಿದೆ, ಚಂದದ ಫೋಟೊ ಬೇಕು ಎಂದಾಗ ಯಶೋಧಾ ಒಪ್ಪಿಕೊಂಡು ಹೋದಳು. ಅವಳ ಸ್ಕೂಟಿ ಅಂಗಳ ಸೇರಿದ್ದೇ ತಡ, ವೀರಪ್ಪ ಗೇಟಿಗೆ ಕೀಲಿ ಜಡಿದ.

"ಕೀಲಿ ಯಾಕ ಹಾಕಿದ್ರಿ?"

"ಇರ್ಲಿ ಬಿಡ್ರಿ. ಮೊದಲ ನಿಮ್ಮ ಆಧಾರ ಕಾರ್ಡ್ ತೋರಸ್ರಿ."

ಗೇಟಿನ ಕಡೆ ಒಮ್ಮೆ ನೋಡಿ ತೋರಿಸಿದಳು. ಬೇವಿನ ಮರದ ಕೆಳಗೆ ತಿಳಿಹಸಿರು ಕಾರು ನಿಂತಿತ್ತು. ಅದರ ನಂಬರ್ ಪ್ಲೇಟಿಗೆ ಟಾವೆಲ್ ಬಿಗಿದಿದ್ದರು. ಕಳವಿನ ಮಾಲೇ? ಅಣ್ಣತಮ್ಮಂದಿರಿಗೆ ಗೊತ್ತಿಲ್ಲದೆ ಮಾರುತ್ತಿದ್ದಾನೆಯೇ? ಸ್ಟಿಯರಿಂಗ್ ಫೋಟೊ ತೆಗೆಯಲು ಬಾಗಿದರೆ ಅವನು ಬೆನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅವನ ಹೆಂಡತಿ ಸಿದ್ದಲಿಂಗವ್ವ ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಅಷ್ಟರಲ್ಲಿ ಯಾರೋ ಗೇಟು ಬಡಿದರು. ವೀರಪ್ಪ ತೆರೆದ. ಬಂದವನು ಬಸಲಿಂಗಪ್ಪ, ರಾಮದುರ್ಗದ ನೇಕಾರ.

"ಅಡ್ವಾನ್ಸ್ ಹಾಕೇನಿ. ನೀವ ಕೊಟ್ಟ ವಿಳಾಸಕ್ಕ ಗಾಡಿ ಒಯ್ಯಾಕ ಬಂದೇನಿ," ಎಂದು ತನ್ನ ಮೊಬೈಲ್ ಮುಂದೆ ಹಿಡಿದ. ಅದರಲ್ಲಿ ಇದೇ ಕಾರು, ಇದೇ ಬೇವಿನ ಮರ. ಯಶೋಧಾಳ ಕೈಯಲ್ಲಿ ಕ್ಯಾಮೆರಾ ಕಂಡು ಅವನ ದನಿ ಏರಿತು. "ಓಹೋ, ಫೋಟೊ ಹೊಡದು ಮಂದೀನ ಮೋಸ ಮಾಡಾಕಿ ನೀನ ಏನು?"

"ಬಾಯಿ ಬಿಗಿ ಹಿಡದು ಮಾತಾಡ್ರಿ! ನಾ ಈಗಷ್ಟ ಬಂದೇನಿ," ಎಂದಳು ಯಶೋಧಾ.

ವೀರಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ. "ನಾನ ಫೋಟೊ ತಗದು ನೆಟ್ಟಿಗೆ ಹಾಕಿದ್ದೆ. ಯಾವನೋ ಅವನ್ನ ಕದ್ದು, ಗಾಡಿ ತನ್ನದು ಅಂತ ಹೇಳಿ, ನನ್ನ ವಿಳಾಸ ಕೊಟ್ಟು ರೊಕ್ಕ ಹೊಡ್ಯಾಕ ಹತ್ಯಾನ. ಹಿಂಗ ಜಗಳಕ್ಕ ಬಂದವ್ರೊಳಗ ನೀವ ಮೊದಲನೇದವ್ರಲ್ಲ. ಅದಕ್ಕ ಈ ಕೀಲಿ, ಈ ಟಾವೆಲ್. ಯಾರ್ನೂ ನಂಬವಲ್ಲೆ."

ಯಶೋಧಾಳಿಗೆ ಇದೂ ನಂಬಿಕೆಯಾಗಲಿಲ್ಲ. ಆ ಕಳ್ಳ ಇವನೇ ಆಗಿದ್ದರೆ? ಅಡ್ವಾನ್ಸ್ ಹಾಕಿಸಿಕೊಂಡವನ ನಂಬರನ್ನು ಬಸಲಿಂಗಪ್ಪನಿಂದ ಕೇಳಿ ತನ್ನ ಮೊಬೈಲಿನಿಂದ ಫೋನ್ ಹಚ್ಚಿದಳು. ಕಣ್ಣು ವೀರಪ್ಪನ ಮೇಲೆಯೇ ಇತ್ತು. ಅವನ ಫೋನು ರಿಂಗಾಗಲಿಲ್ಲ. ಸ್ಪೀಕರಿನಲ್ಲಿ ಬೇರೆಯದೇ ದನಿ ಬಂತು.

"ಫಿಯಾಟ್ ಐತೇನ್ರಿ?" ಎಂದಳು ಯಶೋಧಾ.

"ಐತಲ್ರಿ ಅಕ್ಕಾರ. ಈಗ ಮನಿ ಮುಂದ ಹಚ್ಚಿ ತೊಳ್ಯಾಕ ಹತ್ತೇನಿ. ಅಡ್ವಾನ್ಸ್ ಹಾಕ್ರಿ, ಹಿಡದು ಇಡತೇನಿ."

ಕಾರು ಅವರ ಕಣ್ಣೆದುರಿಗೇ ಒಣಗಿಕೊಂಡು ನಿಂತಿತ್ತು. ಬಸಲಿಂಗಪ್ಪ ಗೋಡೆಗೆ ಆತುಕೊಂಡ. "ತಂಗಿ, ತಪ್ಪಾತು," ಎಂದ. ಸಿದ್ದಲಿಂಗವ್ವ ಹೊರಗೆ ಬಂದು ಅವನಿಗೆ ನೀರು ಕೊಟ್ಟಳು.

ಯಶೋಧಾ ನೆಟ್ಟಿನಲ್ಲಿದ್ದ ಹಳೆಯ ಫೋಟೊಗಳನ್ನೆಲ್ಲ ಅಳಿಸಲು ವೀರಪ್ಪನಿಗೆ ಹೇಳಿದಳು. "ಗಂಡ ಹೆಂಡ್ತಿ ಇಬ್ಬರೂ ಕಾರಿನ ಹಂತೇಕ ಬರ್ರಿ. ಒಂದೊಂದು ಫೋಟೊದಾಗೂ ನಿಮ್ಮ ಮಾರಿ ಇರಬೇಕು. ಆಗ ಯಾವನು ತನ್ನ ಗಾಡಿ ಅಂತಾನ ನೋಡೂಣು."

"ನನ್ನ ಮಾರಿ ಯಾರು ನೋಡ್ತಾರ ಬಿಡವ್ವಾ," ಎನ್ನುತ್ತಲೇ ಸಿದ್ದಲಿಂಗವ್ವ ಒಳಗೆ ಹೋಗಿ ಇಳಕಲ್ಲ ಸೀರೆ ಉಟ್ಟು ಬಂದಳು. ಸ್ಟಿಯರಿಂಗ್ ಹಿಡಿದು ಕುಳಿತಾಗ ನಗು ತಡೆಯಲಾಗಲಿಲ್ಲ. ಫೋಟೊ ಮುಗಿಸಿ ಯಶೋಧಾ ಬಸಲಿಂಗಪ್ಪನ ಜೊತೆ ಪೊಲೀಸ್ ಠಾಣೆಗೂ ಹೋಗಿ ತಾನು ಕೇಳಿದ್ದನ್ನು ಹೇಳಿ ಬಂದಳು. ಕಳ್ಳ ಸಿಗಲಿಲ್ಲ. ಬಸಲಿಂಗಪ್ಪನ ರೊಕ್ಕ ಹೋದದ್ದು ಹೋಯಿತು.

ಶ್ರಾವಣದಲ್ಲಿ ಕಾರನ್ನು ಕಿತ್ತೂರಿನ ಡಾಕ್ಟರೊಬ್ಬರು ಕೊಂಡರು. ಸುದ್ದಿ ತಿಳಿಸಲು ವೀರಪ್ಪ ಹುರುಪಿನಿಂದ ಫೋನ್ ಮಾಡಿದ. ಎಲ್ಲ ಹೇಳಿ ಮುಗಿಸಿದವನು ಗಕ್ಕನೆ ನಿಂತ.

"ಅಲ್ರಿ, ಖರೇನ ಯಶೋಧಾ ಮಾತಾಡಾಕ ಹತ್ತೀರಿ ಹೌದಲ್ಲೋ?"